ಎಂಜಿನ್ನಿಗೆ ಮಂತ್ರಾಕ್ಷತೆ

ಬೆಂಗಳೂರಿನ ಸುದ್ದಗುಂಟೆಪಾಳ್ಯದ ನಮ್ಮ ಗಲ್ಲಿಯಲ್ಲಿ ಮುರಿಗೆವ್ವನ ಬೋರ್ಡನ್ನು ಬರೆದವನು ನಾನು, ಅರ್ಧ ಅಳಿಸಿದವನೂ ನಾನೇ. ಬೋರ್ಡು ಬರೆದು ಹೊಟ್ಟೆ ಹೊರೆಯುವವನಿಗೆ ತಾನು ಬರೆದದ್ದನ್ನೇ ಅಳಿಸುವುದೆಂದರೆ ಕರುಳು ಹಿಂಡುವ ಕೆಲಸ. ಅದರಲ್ಲೂ ಆ ಅಕ್ಷರಗಳಿಗೆ ನಾನು ನೆರಳು ಕೊಟ್ಟಿದ್ದೆ. ಹಳದಿ ಅಕ್ಷರ, ಕೆಂಪು ನೆರಳು. ಈಗಿನ ಪ್ರಿಂಟ್ ಹೊಡೆಯುವ ಹುಡುಗರಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ಯಾಕೆ ಅಳಿಸಿದೆ ಮಾರಯ್ಯ ಎಂದು ಗಲ್ಲಿಯವರು ಈಗಲೂ ಕೇಳುತ್ತಾರೆ. ಅದನ್ನು ಹೇಳಬೇಕೆಂದರೆ ಮುರಿಗೆವ್ವನಿಂದಲೇ ಶುರು ಮಾಡಬೇಕು.

ಮುರಿಗೆವ್ವನೂ ಅವಳ ಗಂಡ ಹೊಳೆಪ್ಪನೂ ಗದಗದ ಕಡೆಯವರು. ಅಲ್ಲಿ ಒಂದು ಹತ್ತಿ ಗಿರಣಿಯಲ್ಲಿ ಹೊಳೆಪ್ಪ ಫಿಟ್ಟರ್ ಆಗಿದ್ದ. ಗಿರಣಿ ಮುಚ್ಚಿತು. ತೊಂಬತ್ತರ ದಶಕದ ಶುರುವಿನಲ್ಲಿ ಇಬ್ಬರೂ ಒಂದು ಟ್ರಂಕು, ಒಂದು ಡ್ರಿಲ್ಲಿಂಗ್ ಮೆಷೀನು ಹೊತ್ತುಕೊಂಡು ಬಂದು ನನ್ನ ಅಂಗಡಿಯ ಪಕ್ಕದ ಶೀಟಿನ ಶೆಡ್ಡಿನಲ್ಲಿ ಇಳಿದರು. ಹೊಳೆಪ್ಪ ಮಾಡುತ್ತಿದ್ದದ್ದು ಒಂದೇ ಕೆಲಸ. ಬೋಲ್ಟು ಕೂರುವ ತೂತಿನ ಒಳಗೆ ಸುತ್ತುಸುತ್ತಾಗಿ ಗೆರೆ ಇರುತ್ತದಲ್ಲ, ಅದು ಥ್ರೆಡ್. ಯಾರಾದರೂ ಬಲ ಪ್ರಯೋಗ ಮಾಡಿದರೆ ಆ ಗೆರೆ ಕಿತ್ತುಹೋಗಿ ಬೋಲ್ಟು ಎಷ್ಟು ತಿರುಗಿಸಿದರೂ ಸುಮ್ಮನೆ ಸುತ್ತುತ್ತದೆ, ಹಿಡಿಯುವುದಿಲ್ಲ. ಹೊಳೆಪ್ಪ ಆ ತೂತನ್ನು ತುಸು ದೊಡ್ಡದು ಮಾಡಿ, ಹೊಸ ಗೆರೆ ಕೊರೆದು, ಒಳಗೆ ಉಕ್ಕಿನ ತಂತಿಯ ಸುರುಳಿಯೊಂದನ್ನು ಕೂರಿಸುತ್ತಿದ್ದ. ಆಮೇಲೆ ಹಳೇ ಬೋಲ್ಟೇ ಹೊಸ ಅಳಿಯನ ಹಾಗೆ ಗಟ್ಟಿಯಾಗಿ ಕೂತುಬಿಡುತ್ತಿತ್ತು. ಬಿಟಿಎಂನಿಂದ ಬನಶಂಕರಿಯವರೆಗೆ ಯಾವ ಗ್ಯಾರೇಜಿನಲ್ಲಿ ಯಾರು ಥ್ರೆಡ್ ಕೆಡಿಸಿದರೂ ಅದು ಕೊನೆಗೆ ಹೊಳೆಪ್ಪನ ಬಾಗಿಲಿಗೇ ಬರುತ್ತಿತ್ತು.

ಕೈ ಹೊಳೆಪ್ಪನದು, ಬಾಯಿ ಮುರಿಗೆವ್ವನದು. ಅವನು ದಿನವಿಡೀ ತುಟಿ ಬಿಚ್ಚುತ್ತಿರಲಿಲ್ಲ. ಅವಳು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಬಂದವರನ್ನೆಲ್ಲ ಡಾಕ್ಟರಮ್ಮನ ಹಾಗೆ ವಿಚಾರಿಸುತ್ತಿದ್ದಳು. "ಯಾವಾಗಿನಿಂದ ಹಿಂಗ ಆಗಾಕತ್ತೈತ್ರಿ? ಮೊದಲ ಯಾರಿಗೆ ತೋರಿಸಿದ್ರಿ?" ಗಲ್ಲಿಯ ಹೆಂಗಸರು ಬಿಗಿಯಾದ ಉಪ್ಪಿನಕಾಯಿ ಬಾಟಲಿ ತಂದರೂ ಹೊಳೆಪ್ಪನ ವೈಸಿನ ಕಬ್ಬಿಣದ ದವಡೆಯಲ್ಲಿ ಕಚ್ಚಿಸಿ ಮುಚ್ಚಳ ತೆಗೆಸಿ ಕೊಡುತ್ತಿದ್ದಳು. ಮಧ್ಯಾಹ್ನದ ರೊಟ್ಟಿಗೆ ಎರಡು ಹೋಳು ತನ್ನ ತಟ್ಟೆಗೆ ಹಾಕಿಕೊಂಡೇ ಬಾಟಲಿ ವಾಪಸು.

ಇಷ್ಟಕ್ಕೇ ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮುರಿಗೆವ್ವನಿಗೆ ಒಬ್ಬಳು ಅಕ್ಕ ಇದ್ದಳಲ್ಲ, ಶಂಕ್ರವ್ವ. ಶ್ರೀನಗರದಲ್ಲಿ ಮನೆ. ಅವಳ ಗಂಡ ಬಸಪ್ಪ ಲಾರಿ ಎಂಜಿನ್ನುಗಳನ್ನು ಪೂರ್ತಿ ಬಿಚ್ಚಿ ಕಟ್ಟುವ ದೊಡ್ಡ ಮೇಸ್ತ್ರಿ. ಅವರ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರದಲ್ಲಿ, ಹೋಳಿಗೆ ಬಡಿಸುತ್ತಾ, ತುಂಬಿದ ಪಂಕ್ತಿಯಲ್ಲಿ ಶಂಕ್ರವ್ವ ಅಂದಳಂತೆ: "ನಮ್ಮವರು ಎಂಜಿನ್ ಕಟ್ಟತಾರ. ನಮ್ಮ ತಂಗಿ ಗಂಡ ತೂತು ಮುಚ್ಚತಾನ." ಪಂಕ್ತಿ ಪೂರಾ ನಕ್ಕಿತು. ಮುರಿಗೆವ್ವ ಎಲೆಯ ಮೇಲಿನ ಹೋಳಿಗೆಯನ್ನು ಮುಟ್ಟದೆ ಎದ್ದು ಬಂದಳು. ಮರುದಿನ ನಾನು ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಹೊರಗೆ ನಿಂತಿದ್ದಳು.

"ಮಾರಯ್ಯಣ್ಣಾ, ಒಂದು ಬೋರ್ಡ್ ಬರೀರಿ. 'ಎಂಜಿನ್ ರೀಬಿಲ್ಡಿಂಗ್' ಅಂತ ದೊಡ್ಡದಾಗಿ. ಕೆಳಗ ಸಣ್ಣದಾಗಿ 'ಥ್ರೆಡ್ ರಿಪೇರಿ'."

"ಅಲ್ಲಮ್ಮಾ, ನಿನ್ ಗಂಡ ಇದುವರ್ಗೂ ಒಂದು ಎಂಜಿನ್ನಾದ್ರೂ ಕಟ್ಟಿದಾನಾ?"

"ಮೊದಲ ಬೋರ್ಡ್ ಏರ್ಲಿ. ಅದನ್ನ ನೋಡ್ಕೊಂಡ ಎಂಜಿನ್ ತಾನ ಬರ್ತೈತಿ."

ಬರೆದೆ. ನನಗೇನು, ಅಕ್ಷರ ಚೆನ್ನಾಗಿ ಬಂದರೆ ಸಾಕು. ಏಣಿ ಹಾಕಿ ಬೋರ್ಡು ತೂಗು ಹಾಕುವಾಗ ಹೊಳೆಪ್ಪ ಹೊರಗೆ ಬಂದು, ತಲೆ ಎತ್ತಿ ಓದಿ, ಕೈಯಲ್ಲಿದ್ದ ಎಣ್ಣೆ ಬಟ್ಟೆಯಿಂದ ಮುಖ ಒರೆಸಿಕೊಂಡ. ಮುಖವೆಲ್ಲ ಕಪ್ಪಾಯಿತು. ಹಾಗೇ ಒಳಗೆ ಹೋದ.

ತೊಂಬತ್ತೆಂಟರ ಶ್ರಾವಣಕ್ಕೆ ಸ್ವಲ್ಪ ಮುಂಚೆ ಎಂಜಿನ್ ಬಂದೇಬಿಟ್ಟಿತು. ಒಂದು ಕಪ್ಪು ಕಾರು, ಸುತ್ತ ಹೊಗೆ. ಒಂದು ಕಲ್ಯಾಣ ಮಂಟಪಕ್ಕೆಂದು ಬಿಳಿ ಅಕ್ಷರ ಬರೆದು ಆರಲು ಹೊರಗಿಟ್ಟಿದ್ದೆ. ಹೊಗೆ ಹೋಗುವಷ್ಟರಲ್ಲಿ 'ಶುಭವಿವಾಹ' ಬೂದಿ ಬಣ್ಣಕ್ಕೆ ತಿರುಗಿತ್ತು. ಬೈಯಲು ಬಾಯಿ ತೆಗೆದರೆ ಕೆಮ್ಮು ಬಂತು. ಕಾರಿನಿಂದ ಇಳಿದವರು ರಾಮಪ್ರಸಾದ, ಜಯನಗರ ಐದನೇ ಬ್ಲಾಕಿನವರು, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು. ಬಂಗಾರದಂಥ ಮನುಷ್ಯ, ಆದರೆ ಒಂದು ಕಾಯಿಲೆ. ಯಾವುದನ್ನೇ ತಿರುಗಿಸಲಿ, ಕೊನೆಯಲ್ಲಿ "ಸೇಫ್ಟಿಗೆ" ಎಂದು ಇನ್ನೊಂದು ಸುತ್ತು ಬಿಗಿಯಬೇಕು. ಅವರ ಮನೆಯ ಒಂದು ನಲ್ಲಿಯೂ ಹೆಂಗಸರ ಕೈಗೆ ತಿರುಗುತ್ತಿರಲಿಲ್ಲ. ಮೊಮ್ಮಗಳು ಧೃತಿ ಶಾಲೆಯಲ್ಲಿ ನೀರು ಕುಡಿಯಬೇಕೆಂದರೆ ಬಾಟಲಿ ತೆಗೆಯಲು ಪಿ.ಟಿ. ಮೇಷ್ಟ್ರು ಬರಬೇಕಿತ್ತು. ಆವತ್ತೂ ಸ್ಪಾರ್ಕ್ ಪ್ಲಗ್ಗಿಗೆ ಸೇಫ್ಟಿ ಸುತ್ತು ಕೊಟ್ಟು ಥ್ರೆಡ್ ಕೆಡಿಸಿಕೊಂಡು ಬಂದಿದ್ದರು. ಬಂದವರು ತಲೆ ಎತ್ತಿ ಬೋರ್ಡು ಓದಿದರು.

"ಓ, ಪೂರ್ತಿ ಎಂಜಿನ್ನೂ ಮಾಡ್ತೀರಾ?"

"ಮತ್ತೇನ್ರಿ! ಅದನ್ನ ಮಾಡಾಕ ಕುಂತೀವಿ" ಎಂದಳು ಮುರಿಗೆವ್ವ. ಒಳಗೆ ಹೊಳೆಪ್ಪನ ಕೈಯಿಂದ ಸ್ಪ್ಯಾನರ್ ಬಿದ್ದ ಸದ್ದು ಕೇಳಿಸಿತು.

ಹೊಗೆ ಕಾರುವ ಎಂಜಿನ್ನನ್ನು ಪೂರ್ತಿ ಕಟ್ಟಿಕೊಡಿ ಎಂದು ರಾಮಪ್ರಸಾದರು ಕಾರನ್ನು ಅಲ್ಲೇ ಬಿಟ್ಟರು. ಆ ಕಾರು ಅವರ ತಂದೆ ಕೊಂಡದ್ದು. ಮನೆಯ ಮಕ್ಕಳನ್ನೆಲ್ಲ ಆಸ್ಪತ್ರೆಯಿಂದ ಮನೆಗೆ ತಂದದ್ದು ಅದೇ, ಮದುಮಕ್ಕಳನ್ನು ಛತ್ರಕ್ಕೆ ಕರೆದೊಯ್ದದ್ದೂ ಅದೇ. ಎಂಬತ್ತು ದಾಟಿದ ಅವರ ತಾಯಿ ನಾಗಲಕ್ಷ್ಮಮ್ಮ ಪಂಚಾಂಗ ನೋಡಿ ಮುಹೂರ್ತ ಇಟ್ಟರು. ಶ್ರಾವಣದ ಕೊನೆಯ ಶುಕ್ರವಾರ ಬೆಳಗ್ಗೆ, ರಾಹುಕಾಲ ಹುಟ್ಟುವುದಕ್ಕೆ ಮುಂಚೆ ಕಾರು ಹೊರಡಬೇಕು, ರಾಹುಕಾಲದ ಪೂಜೆಗೆ ಸರಿಯಾಗಿ ಬನಶಂಕರಿ ಗುಡಿ ಮುಟ್ಟಬೇಕು. ತಪ್ಪಿದರೆ ಕಾರನ್ನು ಹಗ್ಗ ಕಟ್ಟಿ ದೊಡ್ಡ ಗ್ಯಾರೇಜಿಗೆ ಎಳೆಸುವುದು ಎಂದು ರಾಮಪ್ರಸಾದರು ನಯವಾಗಿಯೇ ಹೇಳಿದರು.

ಸುದ್ದಿ ಶ್ರೀನಗರ ಮುಟ್ಟಿತು. ಶಂಕ್ರವ್ವ ಗಂಡನನ್ನು ಕರೆದುಕೊಂಡು ನಗಲಿಕ್ಕೆಂದೇ ಬಂದಳು. ಮುರಿಗೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಯಲ್ಲೇ ಶಪಥ ಮಾಡಿದಳು. "ಅವತ್ತ ಗಾಡಿ ಚಾಲೂ ಆಗ್ಲಿಲ್ಲಂದ್ರ, ಬೋರ್ಡಿನ್ಯಾಗಿನ ಎಂಜಿನ್ ಅಳಿಸಿಬಿಡ್ತೀನಿ. ಜಲಮದಾಗ ಆ ಮಾತು ಎತ್ತೂದಿಲ್ಲ." ನನ್ನ ಅಕ್ಷರಗಳನ್ನು ನನ್ನನ್ನೇ ಕೇಳದೆ ಪಣಕ್ಕಿಟ್ಟಳು. ಸಿಟ್ಟು ನೆತ್ತಿಗೇರಿತು. ಆದರೂ, ನಿಜ ಹೇಳುತ್ತೇನೆ, ಆ ಗಳಿಗೆಯಿಂದ ನಾನೂ ಆ ಎಂಜಿನ್ನಿನ ಕಡೆಯವನಾಗಿಬಿಟ್ಟೆ.

ಹೊಳೆಪ್ಪ ಎಂಜಿನ್ ಇಳಿಸಿ ಬಿಚ್ಚಿದ. ಸಿಲಿಂಡರು ಉಜ್ಜಿಸಲು ಜೆ.ಸಿ. ರೋಡಿನ ವರ್ಕ್‌ಶಾಪಿಗೆ ಕಳಿಸಿ ತರಿಸಿದ. ಸೀಮೆಎಣ್ಣೆಯಲ್ಲಿ ಒಂದೊಂದು ಭಾಗವನ್ನೂ ತೊಳೆದ. ಆದರೆ ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ. ರೊಟ್ಟಿ ಮುರಿದು ಬಾಯಿಗೆ ಇಡುವುದನ್ನೂ ಮರೆತು ಹಾಗೇ ಕೂರುತ್ತಿದ್ದ. ತೂತೊಂದು ಕೈಗೆ ಕೊಟ್ಟರೆ ರಾಜನ ಹಾಗಿರುತ್ತಿದ್ದವನು, ಇಡೀ ಎಂಜಿನ್ನಿನ ಮುಂದೆ ಪರೀಕ್ಷೆಗೆ ಕೂತ ಹುಡುಗನ ಹಾಗೆ ಬೆವರುತ್ತಿದ್ದ. ಮುರಿಗೆವ್ವ ಅದನ್ನು ಕಾಣದವಳ ಹಾಗೆ, "ಅವರು ವಿಚಾರ ಮಾಡಾಕತ್ತಾರ" ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಆಮೇಲೆ ನೆಂಟರು ಬರುವುದು ಶುರುವಾಯಿತು. ಮೊದಲು ರಾಮಪ್ರಸಾದರ ಹೆಂಡತಿ ಜಯಾ ಫ್ಲಾಸ್ಕಿನಲ್ಲಿ ಕಾಫಿ ತಂದರು. ಮರುದಿನ ಅವರ ನಾದಿನಿ ಕಾತ್ಯಾಯಿನಿ ಬ್ರೆಡ್ಡು, ಮೂಸಂಬಿ ಹಿಡಿದು ಬಂದರು. ಆಸ್ಪತ್ರೆಗೆ ಹೋಗುವಾಗ ಬರಿಗೈಲಿ ಹೋಗಬಾರದು ಎಂಬ ಅಭ್ಯಾಸ, ಕೈ ತಾನಾಗಿಯೇ ಹಣ್ಣಿನಂಗಡಿಗೆ ಹೋಗಿತ್ತು. ಮೇಜಿನ ಮೇಲೆ ಖಾಲಿಯಾಗಿ ಕೂತಿದ್ದ ಎಂಜಿನ್ನನ್ನು ನೋಡಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು.

"ಎಷ್ಟು ಇಳಿದುಹೋಗಿದೆ ನೋಡಿ ಪಾಪ! ಯಾವಾಗ ಡಿಸ್ಚಾರ್ಜು?"

"ಶುಕ್ರವಾರ್ರಿ. ಜೀವಕ್ಕೇನೂ ಭಯ ಇಲ್ಲ" ಎಂದಳು ಮುರಿಗೆವ್ವ, ಮೂಸಂಬಿ ತೆಗೆದುಕೊಳ್ಳುತ್ತಾ.

ಬಂಧುಗಳಿಂದ ಬಂಧುಗಳಿಗೆ ಸುದ್ದಿ ಹರಡಿತು. ಮಲ್ಲೇಶ್ವರದಿಂದ ಬಸ್ಸು ಹಿಡಿದು ಬಂದವರೂ ಇದ್ದರು. ಬಂದವರು ಸುಮ್ಮನಿರುತ್ತಾರೆಯೇ? ಇದು ಯಾವ ಭಾಗ, ಇದು ಬದಲಾಯಿಸಲೇಬೇಕೇ, ಸೆಕೆಂಡ್ ಒಪಿನಿಯನ್ ತಗೊಂಡಿರಾ, ನಮ್ಮ ಭಾವನ ಕಾರಿಗೂ ಹೀಗೇ ಆಗಿತ್ತು. ಮುರಿಗೆವ್ವ ನನ್ನಿಂದ ಒಂದು ರಟ್ಟಿನ ಮೇಲೆ 'ನೋಡುವ ಸಮಯ: ಸಂಜೆ 4ರಿಂದ 6' ಎಂದು ಬರೆಸಿ ನೇತು ಹಾಕಿದಳು. ಹೊರಗೆ ಒಂದು ಬೆಂಚು ಹಾಕಿಸಿದಳು. ಇಷ್ಟು ಜನ ಓಡಾಡಿದರೆ ಒಳಗೆ ಧೂಳು ಏಳುತ್ತದೆ, ಎಂಜಿನ್ನಿಗೆ ಧೂಳು ಆಗದು ಎಂದು ಹೊಳೆಪ್ಪ ಕೈಸನ್ನೆ ಮಾಡಿ ಗೋಳಾಡಿದ. ಅದಕ್ಕೆ ಮುರಿಗೆವ್ವ ಇನ್ನೊಂದು ರಟ್ಟು ಬರೆಸಿದಳು: 'ಚಪ್ಪಲಿ ಹೊರಗೆ ಬಿಡಿ.'

ಅಲ್ಲಿಯೇ ಎಡವಟ್ಟಾದದ್ದು. ನಮ್ಮ ಜನ ಚಪ್ಪಲಿ ಬಿಟ್ಟು ಒಳಗೆ ಹೋದರೆ ಎದುರಿಗೆ ದೇವರಿರಬೇಕು, ಇಲ್ಲದಿದ್ದರೆ ಅವರಿಗೆ ತಡೆಯುವುದಿಲ್ಲ. ಒಳಗೆ ಕತ್ತಲು. ನಡುವೆ ಮೇಜು. ಮೇಜಿನ ಮೇಲೆ ಎಣ್ಣೆ ಸವರಿ ಮಿರಮಿರ ಮಿಂಚುವ ಕಪ್ಪು ಎಂಜಿನ್ ಬ್ಲಾಕು, ಮೇಲೊಂದು ಬಲ್ಬು. ಮೊದಲ ದಿನ ಒಬ್ಬರು ಗೊತ್ತಿಲ್ಲದೆ ಕೈ ಮುಗಿದರು. ಮರುದಿನದವರು ಪ್ರದಕ್ಷಿಣೆ ಬಂದರು. ಆಮೇಲೆ ಬಂದ ಒಬ್ಬರು ಯಾರ ಕಾರು, ಏನು ಕಥೆ ಎಂದು ಕೇಳಲೂ ಇಲ್ಲ. ರಸ್ತೆಯಲ್ಲಿ ಚಪ್ಪಲಿಯ ರಾಶಿ ಕಂಡು ಒಳಗೆ ಬಂದು, ನಮಸ್ಕಾರ ಹಾಕಿ, ತೀರ್ಥಕ್ಕೆ ಕೈ ಚಾಚಿದರು.

ಹೊಳೆಪ್ಪ ಹೆದರಿ ಬ್ಲಾಕಿನ ಮೇಲೆ ಬಟ್ಟೆ ಮುಚ್ಚಿದ. ನಾಲ್ಕು ಗಂಟೆಗೆ ಸರಿಯಾಗಿ ಮುರಿಗೆವ್ವ ಬಟ್ಟೆ ಸರಿಸಿದಳು. ಅವತ್ತು ನಾಗಲಕ್ಷ್ಮಮ್ಮ ಖುದ್ದಾಗಿ ಬಂದಿದ್ದರು. ಇಬ್ಬರು ಹಿಡಿದು ಒಳಗೆ ತಂದರು. ಮಠದಿಂದ ತರಿಸಿದ ಮಂತ್ರಾಕ್ಷತೆಯ ಪೊಟ್ಟಣ ಬಿಚ್ಚಿ, ಒಂದು ಹಿಡಿ ಹಳದಿ ಅಕ್ಕಿಯನ್ನು ಕಣ್ಣಿಗೊತ್ತಿಕೊಂಡು, "ನೂರು ವರ್ಷ ಬಾಳಪ್ಪಾ" ಎಂದು ಎಂಜಿನ್ನಿನ ಮೇಲೆ ಹಾಕಿದರು. ಹಿಂದಿದ್ದವರೆಲ್ಲ ಕೈಯೊಡ್ಡಿ ಈಸಿಕೊಂಡು ಹಾಕಿದರು. ಮುರಿಗೆವ್ವನೂ ಹಾಕಿದಳು. ಬಾಗಿಲಲ್ಲಿ ನಿಂತಿದ್ದ ನನ್ನ ಕೈಗೂ ನಾಲ್ಕು ಕಾಳು ಬಂದವು, ಎಸೆದೆ. ಹೊಳೆಪ್ಪ ಮೂಲೆಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದ.

ಎಲ್ಲರೂ ಹೋದ ಮೇಲೆ ಅವನು ಮೇಲೆ ಕಂಡ ಕಾಳುಗಳನ್ನೆಲ್ಲ ಒರೆಸಿ ತೆಗೆದ. ಆದರೆ ಬ್ಲಾಕಿನ ಮೇಲ್ಭಾಗದಲ್ಲಿ ಬೋಲ್ಟುಗಳಿಗೆಂದು ಆಳವಾದ ತೂತುಗಳಿದ್ದವು, ತಳ ಮುಚ್ಚಿದ ತೂತುಗಳು, ಒಳಗೆ ಎಣ್ಣೆ. ಜೀವಮಾನವೆಲ್ಲ ತೂತು ನೋಡಿಕೊಂಡು ಬದುಕಿದ ಮನುಷ್ಯ ಎಂಜಿನ್ನಿನ ಗಾಬರಿಯಲ್ಲಿ ತೂತು ನೋಡುವುದನ್ನೇ ಮರೆತ.

ಗುರುವಾರ ಮಧ್ಯಾಹ್ನ ಎಂಜಿನ್ ಕಾರಿನೊಳಗೆ ಕೂತಿತ್ತು, ಮುಚ್ಚಳದ ಹಾಗಿರುವ ಮೇಲಿನ ಹೆಡ್ಡು ಮುಚ್ಚಿ ಬೋಲ್ಟು ಹಾಕುವುದೊಂದು ಬಾಕಿ ಇತ್ತು. ಮನೆಯವರೆಲ್ಲ ಸೇರಿದ್ದರು. ಬೋಲ್ಟುಗಳು ಅರ್ಧಕ್ಕೇ ಬಿಗಿಯಾದಂತೆ ಕಂಡು ಹೊಳೆಪ್ಪ ಹುಬ್ಬು ಗಂಟಿಕ್ಕಿದ. ಅಷ್ಟರಲ್ಲಿ ಮುರಿಗೆವ್ವನಿಗೆ ಮರ್ಯಾದೆ ಉಕ್ಕಿ ಬಂತು.

"ಕೊನೀ ಸುತ್ತು ಯಜಮಾನ್ರ ಕೈಲೇ ಆಗ್ಲಿ. ಬರ್ರಿ ಸಾಹೇಬ್ರ."

ಜಯಾ ಕಣ್ಣು ಮುಚ್ಚಿಕೊಂಡರು. ರಾಮಪ್ರಸಾದರು ಸ್ಪ್ಯಾನರ್ ಹಿಡಿದು, ಒಂದು ಸುತ್ತು ತಿರುಗಿಸಿ, ಎಲ್ಲರನ್ನೂ ಒಮ್ಮೆ ನೋಡಿ, "ಸೇಫ್ಟಿಗೆ" ಎಂದರು. ಒಳಗೆ ಏನೋ ಕರಕರ ಎಂದಿತು. ಆಮೇಲೆ ಸ್ಪ್ಯಾನರ್ ಗಾಳಿಯಲ್ಲಿ ತಿರುಗುವಷ್ಟು ಹಗುರವಾಗಿ ತಿರುಗತೊಡಗಿತು. ಥ್ರೆಡ್ ಕಿತ್ತುಹೋಗಿತ್ತು. ಮುಹೂರ್ತ ನಾಳೆ ಬೆಳಗ್ಗೆ. ಮುರಿಗೆವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು, ಬಣ್ಣ ಇಳಿದುಹೋಯಿತು ಅವಳ ಮುಖದ್ದು.

ಬೋಲ್ಟು ತೆಗೆದರೆ ಅದರ ತುದಿಯಲ್ಲಿ ಎಣ್ಣೆಯಲ್ಲಿ ಅರೆದ ಹಳದಿ ಹಿಟ್ಟು. ಇಡೀ ಕುಟುಂಬ ಬಗ್ಗಿ ನೋಡಿತು. ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ತಳದಲ್ಲಿ ಅಕ್ಕಿ ಕೂತಿದ್ದರಿಂದ ಬೋಲ್ಟು ಪೂರ್ತಿ ಇಳಿಯದೆ ಬಿಗಿಯಾಗಿತ್ತು, ಮೇಲೆ ಸೇಫ್ಟಿ ಸುತ್ತು ಬಿದ್ದಿತ್ತು. ಆದರೆ ಬೈಯುವುದು ಯಾರನ್ನು? ಆಶೀರ್ವಾದವನ್ನೇ? ಎಲ್ಲರೂ ನಾಗಲಕ್ಷ್ಮಮ್ಮನ ಮುಖ ನೋಡದೆ ಸೂರು ನೋಡಿದರು. ಆ ತಾಯಿ ಮಾತ್ರ ನಿಶ್ಚಿಂತೆಯಿಂದ, "ಮಂತ್ರಾಕ್ಷತೆ ನೆಲಕ್ಕೆ ಬೀಳಬಾರದು ಕಣ್ರೋ, ಯಾರೂ ತುಳೀಬಾರದು. ಒಂದು ತಟ್ಟೆ ತನ್ನಿ" ಎಂದರು.

ಹೆಡ್ಡು ಮತ್ತೆ ಎದ್ದಿತು. ಮುರಿಗೆವ್ವ ಸಾವರಿಸಿಕೊಂಡು ಒಬ್ಬೊಬ್ಬರಿಗೆ ಒಂದೊಂದು ತೂತು ಹಂಚಿದಳು. ಕಾತ್ಯಾಯಿನಿ ಹೇರ್‌ಪಿನ್ನಿನಿಂದ ಕಾಳು ಎತ್ತುತ್ತಿದ್ದರು. ಜಯಾ ಇಂಕ್ ಫಿಲ್ಲರಿನಿಂದ ಎಣ್ಣೆ ಹೀರುತ್ತಿದ್ದರು. ಮಲ್ಲೇಶ್ವರದವರಿಗೆ ತೂತು ಸಿಗಲಿಲ್ಲವೆಂದು ಮುನಿಸು ಬಂತು. ತಟ್ಟೆಯಲ್ಲಿ ಕಪ್ಪು ಎಣ್ಣೆಯ ಅಕ್ಷತೆ ತುಂಬಿತು. ಅದನ್ನು ತುಳಸಿ ಬುಡಕ್ಕೆ ಹಾಕಬೇಕೆಂದರು ನಾಗಲಕ್ಷ್ಮಮ್ಮ. "ತುಳಸಿಗೆ ಎಂಜಿನ್ ಆಯಿಲ್ ಆಗಲ್ಲಮ್ಮ" ಎಂದರು ಜಯಾ. ಹಾಗಾದರೆ ಸಂಪಿಗೆಗೋ ದಾಸವಾಳಕ್ಕೋ ಎಂದು ವಾದ ಹತ್ತಿತು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನಿಸಿತು.

ಆಗ ಒಂದು ದನಿ ಕೇಳಿತು. ಯಾರದೆಂದು ತಿಳಿಯದೆ ಎಲ್ಲರೂ ತಿರುಗಿದೆವು.

"ಎಲ್ಲಾರೂ ಹಿಂದಕ್ಕ ಸರೀರಿ."

ಹೊಳೆಪ್ಪ ಮಾತಾಡಿದ್ದ. ಡ್ರಿಲ್ಲು ಅವನ ಕೈಯಲ್ಲಿತ್ತು, ಆ ಕೈ ಕಲ್ಲಿನ ಹಾಗೆ ನಿಂತಿತ್ತು. ಕಿತ್ತುಹೋದ ತೂತಿನ ಮೇಲೆ ಬಗ್ಗಿ, ಕೊರೆದು, ಚೂರುಗಳನ್ನು ಊದಿ, ಹೊಸ ಗೆರೆ ಹೊಡೆದ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಅವಸರವೇ ಇಲ್ಲ. ಮೂಗಿನಲ್ಲೇ ಏನೋ ಗುನುಗುತ್ತಿದ್ದ. ಉಕ್ಕಿನ ಸುರುಳಿ ಕೂರಿಸಿ ಬೆರಳಿಂದ ಸವರಿ ತಲೆ ಎತ್ತಿದಾಗ ಅವನ ಮುಖದಲ್ಲಿ ಇಷ್ಟಗಲ ನಗು. ದೀಪ ಹಚ್ಚುವ ಹೊತ್ತಿಗೆ ಹೆಡ್ಡು ಕೂತಿತ್ತು. ಕೊನೆಯ ಸುತ್ತನ್ನು ಅವನೇ ಹಾಕಿದ. ರಾಮಪ್ರಸಾದರ ಎರಡೂ ಕೈಗಳನ್ನು ಜಯಾ ಹಿಡಿದುಕೊಂಡಿದ್ದರು.

ಶುಕ್ರವಾರ ಬೆಳಗ್ಗೆ ಗಲ್ಲಿ ತುಂಬ ಜನ. ಶಂಕ್ರವ್ವ, ಬಸಪ್ಪ ಇಬ್ಬರೂ ಬಂದು ಮುಂದಿನ ಸಾಲಿನಲ್ಲೇ ನಿಂತಿದ್ದರು. ಚಕ್ರಗಳ ಕೆಳಗೆ ನಿಂಬೆಹಣ್ಣು. ನಾಗಲಕ್ಷ್ಮಮ್ಮ ಆಗಲೇ ಹಿಂದಿನ ಸೀಟಿನಲ್ಲಿ ಕೂತು, ಕಾರು ಹೊರಡದ ಹೊರತು ಇಳಿಯುವುದಿಲ್ಲ ಎಂದು ಹಟ ಹಿಡಿದಿದ್ದರು. ಕೀಲಿ ತಿರುಗಿಸಿದರೆ ಎಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದರೆ ಮತ್ತೆ ಕೆಮ್ಮು. ಯಾರೋ ಗಡಿಯಾರ ನೋಡಿ, "ಇನ್ನೇನು ರಾಹುಕಾಲ ಬಂತು" ಎಂದರು. ಮುರಿಗೆವ್ವ ನನ್ನ ಬೋರ್ಡನ್ನೇ ನೋಡುತ್ತಾ ನಿಂತಿದ್ದಳು, ಕಣ್ಣು ತುಂಬಿಕೊಂಡಿತ್ತು. ಹೊಳೆಪ್ಪ ಬಾನೆಟ್ಟಿನೊಳಗೆ ಕೈ ಹಾಕಿ ಏನೋ ಒಂದನ್ನು ಸರಿಸಿ ತಲೆಯಾಡಿಸಿದ. ಈ ಸಲ ಕೀಲಿ ತಿರುಗಿದ ಕೂಡಲೇ ಎಂಜಿನ್ ಗುಡುಗಿ ಎದ್ದಿತು. ಸೈಲೆನ್ಸರಿನಿಂದ ಪಟಪಟ ಎಂದು ಬಿಳಿಯದೇನೋ ಹಾರಿತು. ಉಳಿದ ಮಂತ್ರಾಕ್ಷತೆ ಪುರಿಯಾಗಿ ಹೊರಬಂತು ಎಂದು ಕಾತ್ಯಾಯಿನಿ ಇವತ್ತಿಗೂ ಆಣೆ ಮಾಡುತ್ತಾರೆ. ನಾನು ನೋಡಲಿಲ್ಲ, ನನ್ನ ಕಣ್ಣು ಬೋರ್ಡಿನ ಮೇಲಿತ್ತು. ಕಾರು ಗಲ್ಲಿಯ ತಿರುವು ದಾಟಿತು. ಬಸಪ್ಪ ಹೊಳೆಪ್ಪನ ಬೆನ್ನು ತಟ್ಟಿ, "ಕಟ್ಟಿಬಿಟ್ಟೆಲ್ಲೋ ಎಂಜಿನ್ನ" ಎಂದ. ಶಂಕ್ರವ್ವ ಗಂಡನ ತೋಳು ಹಿಡಿದು ಎಳೆದುಕೊಂಡು ಹೊರಟಳು.

ಮುರಿಗೆವ್ವ ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ನೆಂಟರ ಬೆಂಚಿನ ಮೇಲೆ ಕೂತಳು. ಜನ ಚದುರುವವರೆಗೆ ಕೂತಿದ್ದು ಆಮೇಲೆ ನನ್ನ ಅಂಗಡಿಗೆ ಬಂದಳು.

"ಮಾರಯ್ಯಣ್ಣಾ, ಏಣಿ ತಗೊಂಡ ಬರ್ರಿ. ಎಂಜಿನ್ ಅಳಿಸ್ರಿ."

"ತಲೆ ಕೆಟ್ಟಿದೆಯಾ ನಿಂಗೆ? ಗೆದ್ದಿದೀಯಲ್ಲಮ್ಮಾ! ಸೋತಿದ್ರೆ ತಾನೆ ಅಳಿಸೋದು?"

"ನಿನ್ನೆ ಆ ಥ್ರೆಡ್ ಕಿತ್ತ ಹೋದ ಮ್ಯಾಲೆ ನಮ್ಮವರ ಮಾರಿ ನೋಡಿದ್ರೇನು? ನಕ್ಕರು. ಲಗ್ನದಾಗೂ ಹಂಗ ನಕ್ಕಿದ್ದಿಲ್ಲರೀ ಅವರು. ಇಷ್ಟ ದಿನಾ ಅನ್ನ ನೀರು ಬಿಟ್ಟ ಒದ್ದಾಡಿದ್ರು, ನಾ ಕಂಡೂ ಕಾಣದಂಗ ಇದ್ದೆ. ನಮ್ಮಕ್ಕನ ಹೊಟ್ಟಿ ಉರಸಾಕ ನಾ ಅವರ ಹೊಟ್ಟಿಗೆ ಅನ್ನ ಇಲ್ಲದಂಗ ಮಾಡಿದೆ. ಸಾಕ್ರಿ."

ಬೈಯಬೇಕೆಂದಿದ್ದೆ, ಬೈಯಲಾಗಲಿಲ್ಲ. ಏಣಿ ತಂದು, ಕೆಂಪು ನೆರಳಿನ ಸಮೇತ ಅಷ್ಟೂ ಅಕ್ಷರಗಳನ್ನು ಬಳಿದುಹಾಕಿದೆ. ಕೆಳಗಿನ ಸಣ್ಣ 'ಥ್ರೆಡ್ ರಿಪೇರಿ' ಒಂದು ಉಳಿಯಿತು. ಮೇಲೆ ಖಾಲಿ ಜಾಗ. ದೊಡ್ಡದಾಗಿ ಏನಾದರೂ ಬರೆಯಲೇ ಎಂದು ಕೇಳಿದರೆ, ಅವಳು ಬೇಡವೆಂದಳು. ಹೊಳೆಪ್ಪ ಹೊರಗೆ ಬಂದು, ತಲೆ ಎತ್ತಿ ಓದಿ, ಒಳಗೆ ಹೋಗಿ ಎರಡು ರೊಟ್ಟಿ ತಿಂದ.

ಇದೆಲ್ಲ ಆಗಿ ವರ್ಷಗಳು ಕಳೆದು ಶಂಕ್ರವ್ವನ ಹೊಸ ಮನೆಯ ಗೃಹಪ್ರವೇಶವಾಯಿತು. ಮನೆಯ ಹೆಸರು ಬರೆದವನು ನಾನಾದ್ದರಿಂದ ನನಗೂ ಊಟಕ್ಕೆ ಕರೆ ಇತ್ತು. ಮುರಿಗೆವ್ವನ ಪಕ್ಕದ ಎಲೆ ನನ್ನದು. ಹೋಳಿಗೆ ಬಡಿಸುತ್ತಾ ಬಂದ ಶಂಕ್ರವ್ವನಿಗೆ ಹಳೆಯ ಚಾಳಿ ಬಿಡಲಿಲ್ಲ. "ಬೋರ್ಡ್ ಅಳಿಸಿದಿಯಂತಲ್ಲ ಮುರಿಗಿ? ಮತ್ತ ತೂತು ಮುಚ್ಚೂದ ಗತಿ ಆತೇನು?" ಎಂದಳು. ಪಂಕ್ತಿ ನಗಲು ತಯಾರಾಯಿತು.

"ಹೌದವ್ವಾ, ನನ್ನ ಗಂಡ ತೂತು ಮುಚ್ಚತಾನ" ಎಂದಳು ಮುರಿಗೆವ್ವ, ಎಲೆಯ ಮೇಲಿದ್ದ ಹೋಳಿಗೆಯನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾ. "ಇನ್ನೊಂದು ಹಾಕು. ತುಪ್ಪ ಎಲ್ಲೈತಿ?"